ನಿಶಾಪುರದ ಬಿಳಿ ಬೋಗುಣಿ: ಕಪ್ಪು ಅಕ್ಷರ ಹರಿಯದಂತೆ ಬರೆಯುವುದು

9-10ನೇ ಶತಮಾನದ ಸಾಮಾನಿ ಅರಸರ ಕಾಲದಲ್ಲಿ ಇರಾನಿನ ನಿಶಾಪುರ, ಈಗಿನ ಉಜ್ಬೇಕಿಸ್ತಾನದ ಸಮರ್ಕಂದದ ಕುಂಬಾರರಿಗೆ ಒಂದು ತೊಡಕಿತ್ತು. ಸೀಸದ ಗ್ಲೇಜಿನ (ಸುಟ್ಟಾಗ ಕರಗಿ ಗಾಜಾಗುವ ಲೇಪದ) ಕೆಳಗೆ ಬರೀ ಬಣ್ಣದಲ್ಲಿ ಬರೆದರೆ, ಗ್ಲೇಜು ಕರಗುವಾಗ ಬಣ್ಣವೂ ಹರಿದು ಕದಡುತ್ತಿತ್ತು. ಅವರು ಬಣ್ಣವನ್ನು ಮಣ್ಣಿನ ಸ್ಲಿಪ್ಪಿಗೇ, ಅಂದರೆ ನೀರಲ್ಲಿ ಕದಡಿದ ಮಣ್ಣಿಗೇ, ಬೆರೆಸಿದರು. ಕೂಫಿ ಎಂಬ ಕೋನಾಕಾರದ ಅರಬ್ಬಿ ಲಿಪಿಯ ಅಕ್ಷರದ ಅಂಚು ಕದಲದೆ ನಿಂತಿತು. ಇಲ್ಲಿನ ವಿಧಾನವೂ ಅದೇ. ಸೀಸ ಮಾತ್ರ ಬೇಡ, ಅದು ವಿಷ.

ಕೆಂಪು ಜೇಡಿಮಣ್ಣಿನಲ್ಲಿ 25 ಸೆಂ.ಮೀ. ಅಗಲದ, ಗೋಡೆ ನೇರವಾಗಿ ಹೊರಚಾಚಿದ ಬೋಗುಣಿಯನ್ನು ತಿಗರಿಯ ಮೇಲೆ ಮಾಡಿಕೊಳ್ಳಿ.

ಬಿಳಿ ಸ್ಲಿಪ್ಪಿಗೆ ಬಾಲ್ ಕ್ಲೇ (ನುಣುಪಾದ ಅಂಟು ಜೇಡಿ) 500 ಗ್ರಾಂ, ಕಾವೋಲಿನ್ (ಬಿಳಿ ಜೇಡಿ) 250, ಸಿಲಿಕಾ 150, ಸೀಸವಿಲ್ಲದ ಬೋರಾನ್ ಫ್ರಿಟ್ (ಕರಗಿಸಿ ಪುಡಿ ಮಾಡಿದ ಗಾಜು) 100. ನೀರಲ್ಲಿ ನೆನೆಸಿ 80 ನಂಬರ್ (ಇಂಚಿಗೆ 80 ಕಣ್ಣಿನ) ಜರಡಿಯಲ್ಲಿ ಸೋಸಿ. ಅದ್ದಿದ ಬೆರಳಿನ ಗೆರೆ ಕಾಣದಷ್ಟು ದಪ್ಪವಿರಲಿ.

ಸ್ಲಿಪ್ ಹಾಕುವ ಹೊತ್ತೇ ಮುಖ್ಯ. ಒತ್ತಿದರೆ ಬೋಗುಣಿ ಬಾಗಬಾರದು, ಕೆನ್ನೆಗೆ ತಾಗಿಸಿದರೆ ಇನ್ನೂ ತಣ್ಣಗಿರಬೇಕು. ಒಳಗೆ ಸುರಿದು, ಒಂದು ಸುತ್ತು ತಿರುಗಿಸಿ, ತಕ್ಷಣ ಬಗ್ಗಿಸಿ ಬಸಿಯಿರಿ. ಬೋಗುಣಿ ಪೂರ್ತಿ ಒಣಗಿದ್ದರೆ ಅದರ ಕುಗ್ಗುವಿಕೆ ಮುಗಿದಿರುತ್ತದೆ. ಆಮೇಲೆ ಕುಗ್ಗುವ ಸ್ಲಿಪ್ ಸಿಪ್ಪೆಯಂತೆ ಎದ್ದು ಬರುತ್ತದೆ. ತೀರಾ ಹಸಿಯಿದ್ದರೆ ಅಂಚು ಕುಸಿಯುತ್ತದೆ.

ಕಪ್ಪಿಗೆ ಅದೇ ಕೆಂಪು ಮಣ್ಣಿನ ಪುಡಿ 80 ಗ್ರಾಂ, ಮ್ಯಾಂಗನೀಸ್ ಡೈಆಕ್ಸೈಡ್ 10, ಕೆಂಪು ಕಬ್ಬಿಣದ ಆಕ್ಸೈಡ್ 10. ಧೂಳು ಒಳಗೆ ಹೋಗದಂತೆ ಮಾಸ್ಕ್ ಕಡ್ಡಾಯ. ಮ್ಯಾಂಗನೀಸ್ ಹೆಚ್ಚಾದರೆ ಅಕ್ಷರದ ಸುತ್ತ ನೇರಳೆ-ಕಂದು ನೆರಳು ಹರಡುತ್ತದೆ.

ಬರೆಯುವ ಮುನ್ನ ಅಂಚಿನ ಸುತ್ತಳತೆಯನ್ನು ಕಾಗದದ ಪಟ್ಟಿಗೆ ಇಳಿಸಿ, ಅಕ್ಷರಗಳನ್ನು ಹಂಚಿಕೊಳ್ಳಿ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿರುವ ದೊಡ್ಡ ಬೋಗುಣಿಯೊಂದರ ಮೇಲೆ 'ಕೆಲಸಕ್ಕೆ ಮೊದಲು ಯೋಚಿಸಿದರೆ ಪಶ್ಚಾತ್ತಾಪ ತಪ್ಪುತ್ತದೆ' ಎಂಬರ್ಥದ ಅರಬ್ಬಿ ಮಾತಿದೆ. ಅದರಲ್ಲಿ ಅಕ್ಷರದ ಉದ್ದ ಕಂಬಗಳು ನಡುವಿಗೆ ಮುಖಮಾಡಿವೆ, ನಡು ಬಹುಪಾಲು ಖಾಲಿ. ಆ ಖಾಲಿ ಜಾಗವನ್ನು ತುಂಬುವ ಆಸೆಯೇ ಹೊಸಬರ ಕೆಲಸವನ್ನು ಕೆಡಿಸುತ್ತದೆ. ತುಂಬಿದ ಕುಂಚದಿಂದ ಒಂದೇ ಎಳೆತದಲ್ಲಿ ಬರೆಯಿರಿ. ಕಪ್ಪಿನ ಹೊಳಪು ಆರಿದ ಮೇಲೆ ಚೂಪಾದ ಕಡ್ಡಿಯಿಂದ ಅಂಚು ಕೆರೆದು ತಿದ್ದಿ.

ನಿಧಾನವಾಗಿ ಒಣಗಿಸಿ 1000 ಡಿಗ್ರಿ ಸೆಲ್ಸಿಯಸ್‌ಗೆ ಸುಡಿ. ಗ್ಲೇಜಿಗೆ ಅದೇ ಬೋರಾನ್ ಫ್ರಿಟ್ 85 ಪಾಲು, ಕಾವೋಲಿನ್ 15 ಪಾಲು; ಎರಡನೇ ಸುಡುವಿಕೆ ಸುಮಾರು 1040 ಡಿಗ್ರಿ. ಬೋರಾನ್ ಗ್ಲೇಜು ದಪ್ಪವಾದಲ್ಲಿ ಹಾಲಿನಂತೆ ಮಬ್ಬಾಗಿ ಕಪ್ಪನ್ನು ಮಸುಕಾಗಿಸುತ್ತದೆ, ಅದೂ ಬೋಗುಣಿಯ ತಳದಲ್ಲಿ, ಗ್ಲೇಜು ನಿಲ್ಲುವ ಕಡೆ. ತೆಳ್ಳಗೆ ಸುರಿದು, ತಳವನ್ನು ಸ್ಪಂಜಿನಿಂದ ಹೀರಿ ತೆಗೆಯಿರಿ. ಮ್ಯಾಂಗನೀಸ್ ಇರುವುದರಿಂದ ಹುಳಿ ಪದಾರ್ಥಕ್ಕೆ ಈ ಬೋಗುಣಿ ಬೇಡ.