ದ್ವೀಪಕ್ಕೊಂದು ಅಪ್ರದಕ್ಷಿಣೆ

"ಎಡಕ್ಕಿಟ್ಟು ಸುತ್ತಿದಿ? ಹಂಗಾರ ಅದು ಅಪ್ರದಕ್ಷಿಣಿ ಆತಲ್ಲೋ!"

ಹಾಯಿದೋಣಿ ರೇಸು ಮುಗಿಸಿ ಫೋನ್ ಮಾಡಿದಾಗ ಅವ್ವ ಹೇಳಿದ ಮೊದಲ ಮಾತು ಇದು. ಬೆಳಿಗ್ಗೆ ಹೊರಟೆವು, ಇಡೀ ದ್ವೀಪವನ್ನು ಎಡಗಡೆ ಇಟ್ಟುಕೊಂಡು ಸುತ್ತಿ ಸಂಜೆ ಅಲ್ಲಿಗೇ ಬಂದೆವು ಅಂತ ನಾನು ಖುಷಿಯಿಂದ ವರದಿ ಒಪ್ಪಿಸುತ್ತಿದ್ದೆ. ಹನ್ನೆರಡು ಗಂಟೆ ಸಮುದ್ರದಲ್ಲಿದ್ದು ಬಂದ ಮಗನಿಗೆ ಅವ್ವನ ಚಿಂತೆ ಅದು. ಬಲಕ್ಕಿಟ್ಟು ಸುತ್ತೋಕೆ ಬರೋದಿಲ್ವಾ ಅಂತ ಕೇಳಿದಳು. ಬರೋದಿಲ್ಲ, ನೀರು ಬಿಡೋದಿಲ್ಲ ಅಂದೆ. ಅದು ನಿಜವೇ. ಆದರೆ ಅದು ನನಗೆ ಅರ್ಥವಾಗಲು ಅವತ್ತಿನ ಸಾಯಂಕಾಲದವರೆಗೆ ಕಾಯಬೇಕಾಯಿತು.

ನನ್ನದು ಮುಂಡರಗಿ ತಾಲ್ಲೂಕು. ಕಪ್ಪತಗುಡ್ಡದ ಬುಡದ ಊರು. ಸಮುದ್ರ ನೋಡಿದ್ದೇ ಕಾಲೇಜಿಗೆ ಹೋದ ಮೇಲೆ. ಈಜು ಕಲಿತದ್ದು ಹೊಲದ ಬಾವಿಯಲ್ಲಿ, ಸೊಂಟಕ್ಕೆ ಒಣ ಸೋರೆಬುರುಡೆ ಕಟ್ಟಿಕೊಂಡು. ಗಾಳಿ ಮಾತ್ರ ನಮಗೆ ಹೊಸದಲ್ಲ. ಆಷಾಢದಲ್ಲಿ ಗುಡ್ಡದ ಮೇಲೆ ನಿಂತರೆ ಹೆಗಲ ಮೇಲಿನ ಟವೆಲ್ ಉಳಿಯೋದಿಲ್ಲ. ಅದಕ್ಕೇ ಅಲ್ಲಿ ಸಾಲಾಗಿ ಗಾಳಿಯಂತ್ರಗಳು ನಿಂತಿವೆ. ಊರ ಮಂದಿ ಅವನ್ನು ಫ್ಯಾನು ಅಂತಾರೆ. ಡಿಪ್ಲೊಮಾ ಮುಗಿಸಿದ ನಾನು ಆ ಫ್ಯಾನುಗಳ ರೆಕ್ಕೆ ರಿಪೇರಿಗೆ ಸೇರಿದೆ. ಹಗ್ಗಕ್ಕೆ ಜೋತುಬಿದ್ದು ಸೀಳು ಮುಚ್ಚುವ ಕೆಲಸ. ಅದೇ ಕೆಲಸ ನನ್ನನ್ನು ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಐಲ್ ಆಫ್ ವೈಟ್ ದ್ವೀಪಕ್ಕೆ ಕರೆದುಕೊಂಡು ಹೋಯಿತು. ಆ ದ್ವೀಪದಲ್ಲಿ ಇಂಥ ರೆಕ್ಕೆಗಳನ್ನು ತಯಾರಿಸುತ್ತಾರೆ. ತಯಾರಾದ ರೆಕ್ಕೆಗಳು ಮೆಡಿನಾ ನದಿಯಲ್ಲಿ ದೋಣಿ ಹತ್ತಿ, ಕೌಸ್ ಊರಿನ ಮುಂದೆ ಹಾದು ಸಮುದ್ರಕ್ಕೆ ಇಳಿಯುತ್ತವೆ.

ನದಿಯ ಆಚೆ ದಡದ ಈಸ್ಟ್ ಕೌಸಿನಲ್ಲಿ ವಿಕ್ಟೋರಿಯಾ ರಾಣಿಯ ಆಸ್ಬೋರ್ನ್ ಅರಮನೆ ಇದೆ. ಆಕೆ 1901ರಲ್ಲಿ ತೀರಿಕೊಂಡದ್ದೂ ಅಲ್ಲೇ. ನಮ್ಮ ಡಂಬಳದ ದೊಡ್ಡ ಕೆರೆಗೂ ಆಕೆಯ ಹೆಸರೇ. ಇದನ್ನು ಅಲ್ಲಿಯವರಿಗೆ ಹೇಳಿದರೆ ಯಾರೂ ನಂಬಲಿಲ್ಲ. ಇರಲಿ.

ರೇಸಿಗೆ ನನ್ನನ್ನು ಎಳೆದವರು ನಮ್ಮ ವರ್ಕ್‌ಶಾಪಿನ ಹಿರಿಯ ಮೇಸ್ತ್ರಿ. ಅವರ ಹತ್ತಿರ 34 ಅಡಿಯ ಹಳೇ ಹಾಯಿದೋಣಿ ಇತ್ತು. ಒಂದು ದಿನ ಊಟದ ಹೊತ್ತಿನಲ್ಲಿ, "ನೀನು ರೆಕ್ಕೆ ಬಲ್ಲವನು. ಹಾಯಿ ಅಂದ್ರೆ ಬಟ್ಟೆಯ ರೆಕ್ಕೆ, ಅಷ್ಟೇ" ಅಂದರು. ಮಾತು ಸರಿಯಾಗಿತ್ತು. ಫ್ಯಾನನ್ನು ಗಾಳಿ ಹಿಂದಿನಿಂದ ನೂಕಿ ತಿರುಗಿಸೋದಿಲ್ಲ. ರೆಕ್ಕೆಯ ಉಬ್ಬಿದ ಬೆನ್ನಿನ ಮೇಲೆ ಗಾಳಿ ಬೇಗ ಹರಿಯುತ್ತದೆ, ಅಲ್ಲಿ ಒತ್ತಡ ಕಡಿಮೆಯಾಗಿ ರೆಕ್ಕೆ ಆ ಕಡೆ ಎಳೆಯಲ್ಪಡುತ್ತದೆ. ಹಾಯಿಯದೂ ಇದೇ ಕಥೆ. ಅದಕ್ಕೇ ದೋಣಿ ಗಾಳಿಗೆ ಎದುರಾಗಿಯೂ ಓರೆಯಾಗಿ ಸಾಗಬಲ್ಲದು. ಹಾಯಿಯ ಎರಡೂ ಮೈಗೆ ಉಣ್ಣೆಯ ಸಣ್ಣ ಎಳೆಗಳನ್ನು ಅಂಟಿಸಿರುತ್ತಾರೆ. ಎರಡೂ ನೆಟ್ಟಗೆ ಹಿಂದಕ್ಕೆ ಹಾರುತ್ತಿದ್ದರೆ ಹಾಯಿ ಸರಿಯಾಗಿದೆ ಅಂತ ಅರ್ಥ. ಒಂದು ಕಡೆಯ ಎಳೆ ಕುಣಿಯೋಕೆ ಶುರು ಮಾಡಿತೋ, ಹಗ್ಗ ಎಳೆಯಬೇಕು ಇಲ್ಲವೇ ಬಿಡಬೇಕು. ರೆಕ್ಕೆ ಪರೀಕ್ಷೆ ಮಾಡುವಾಗ ನಾವೂ ಇಂಥದೇ ಎಳೆ ಅಂಟಿಸುತ್ತೇವೆ. ಹಾಗಾಗಿ ಮೊದಲ ದಿನವೇ ನನಗೆ ಸ್ವಲ್ಪ ಸೊಕ್ಕು ಬಂದಿತ್ತು. ಗಾಳಿ ವಿಷಯ ನನಗೇನು ಹೇಳಿಕೊಡ್ತಾರೆ ಇವರು ಅಂತ.

ರೇಸಿನ ಹೆಸರು 'ರೌಂಡ್ ದಿ ಐಲ್ಯಾಂಡ್'. ಕೌಸಿನಿಂದ ಹೊರಟು ದ್ವೀಪ ಸುತ್ತಿ ಕೌಸಿಗೇ ಬರಬೇಕು. 50 ನಾಟಿಕಲ್ ಮೈಲಿ, ಅಂದ್ರೆ ಸುಮಾರು 93 ಕಿಲೋಮೀಟರ್. ಗದಗಿನಿಂದ ಹುಬ್ಬಳ್ಳಿಗೆ ಹೋಗಿ ತಿರುಗಿ ಅಣ್ಣಿಗೇರಿವರೆಗೆ ಬಂದಷ್ಟು ದೂರ. 1931ರಲ್ಲಿ ಮೇಜರ್ ಸಿರಿಲ್ ವಿಂಡೆಲರ್ ಎಂಬುವವರು ಸಣ್ಣ ದೋಣಿಗಳಿಗೂ ಒಂದು ರೇಸು ಇರಲಿ ಅಂತ ಶುರು ಮಾಡಿದ್ದು. ಆಗ ಬಂದದ್ದು 25 ದೋಣಿ. ಗೆದ್ದದ್ದು 22 ಅಡಿಯ ಒಂದು ಮೀನುಗಾರಿಕೆ ದೋಣಿ. ನಾನು ಹೋದ ವರ್ಷ ಸಾವಿರಕ್ಕೂ ಹೆಚ್ಚು ದೋಣಿಗಳಿದ್ದವು. ಬ್ರಿಟನ್ನಿನ ಪ್ರಧಾನಿಯಾಗಿದ್ದ ಎಡ್ವರ್ಡ್ ಹೀತ್ ಇದನ್ನು ನಾಲ್ಕು ಸಲ ಗೆದ್ದಿದ್ದಾರೆ. 2017ರಲ್ಲಿ ಮೂರು ಒಡಲಿನ ಒಂದು ದೊಡ್ಡ ದೋಣಿ 2 ಗಂಟೆ 22 ನಿಮಿಷದಲ್ಲಿ ಸುತ್ತು ಮುಗಿಸಿ ದಾಖಲೆ ಮಾಡಿತು. ನಮ್ಮಂಥವರಿಗೆ ಇಡೀ ದಿನ ಬೇಕು. ಆದರೆ ದೋಣಿಯ ಅಳತೆ, ಹಾಯಿಯ ಅಳತೆ ನೋಡಿ ಪ್ರತಿ ದೋಣಿಗೂ ಒಂದು ಲೆಕ್ಕ ಕಟ್ಟಿರುತ್ತಾರೆ. ತಡವಾಗಿ ಬಂದ ಸಣ್ಣ ದೋಣಿಯೂ ಆ ಲೆಕ್ಕದಲ್ಲಿ ಗೆಲ್ಲಬಹುದು.

ದೋಣಿಯಲ್ಲಿ ನಾವು ಆರು ಜನ. ನನ್ನ ಹುದ್ದೆ 'ರೇಲ್ ಮೀಟ್'. ಅಂದ್ರೆ ದೋಣಿ ಒಂದು ಕಡೆ ವಾಲಿದಾಗ ಇನ್ನೊಂದು ಕಡೆಯ ಅಂಚಿನ ಮೇಲೆ ಕಾಲು ಹೊರಗೆ ಬಿಟ್ಟು ಕೂರುವ ಭಾರ. ಹುಟ್ಟಿದಾಗಿನಿಂದ ಮೊಟ್ಟೆ ಕೂಡ ಮುಟ್ಟದವನಿಗೆ ಮಾಂಸ ಅಂತ ಹೆಸರಿಟ್ಟರು. ಅದರ ಜೊತೆಗೆ ಮುಂದಿನ ಹಾಯಿಯ ಹಗ್ಗ ನೋಡಿಕೊಳ್ಳುವ ಕೆಲಸ. ಹಗ್ಗವನ್ನು ವಿಂಚ್‌ಗೆ, ಅಂದ್ರೆ ಹಗ್ಗ ಬಿಗಿಯುವ ಉರುಳೆಗೆ, ಪ್ರದಕ್ಷಿಣೆ ದಿಕ್ಕಿನಲ್ಲೇ ಸುತ್ತಬೇಕು. ಮೊದಲು ಎರಡು ಸುತ್ತು, ಭಾರ ಬಿದ್ದ ಮೇಲೆ ಮೂರು. ಮೊದಲೇ ಮೂರು ಸುತ್ತಿದರೆ ಒಂದು ಸುತ್ತಿನ ಮೇಲೆ ಇನ್ನೊಂದು ಹತ್ತಿ ಕೂರುತ್ತದೆ. ಆಮೇಲೆ ಏನು ಮಾಡಿದರೂ ಬಿಡೋದಿಲ್ಲ. ಮೇಸ್ತ್ರಿ ಇದನ್ನು ಹತ್ತು ಸಲವಾದರೂ ಹೇಳಿದ್ದರು.

ರೇಸಿನ ದಿನ ನಾಲ್ಕಕ್ಕೇ ಎದ್ದೆವು. ಜೂನ್ ತಿಂಗಳು, ಅಷ್ಟು ಹೊತ್ತಿಗೇ ಬೆಳಕು. ನೈರುತ್ಯದ ಗಾಳಿ, ನಮ್ಮ ಮುಂಗಾರಿನ ದಿಕ್ಕಿನದೇ. ದಡದ ಮೇಲಿನ ರಾಯಲ್ ಯಾಟ್ ಸ್ಕ್ವಾಡ್ರನ್ ಕ್ಲಬ್ಬಿನ ಮುಂದೆ ಸಾಲಾಗಿ ಸಣ್ಣ ಹಿತ್ತಾಳೆ ತೋಪುಗಳಿವೆ. ಹತ್ತು ಹತ್ತು ನಿಮಿಷಕ್ಕೆ ಒಂದು ತೋಪು ಹಾರುತ್ತದೆ, ಒಂದು ಗುಂಪು ಹೊರಡುತ್ತದೆ. ನಮ್ಮ ಸರದಿ ಏಳಕ್ಕೆ ಸ್ವಲ್ಪ ಮುಂಚೆ. ಜಾತ್ರೆಯ ದಿನ ತೇರು ಎಳೆಯುವಾಗಿನ ನೂಕುನುಗ್ಗಲು ನೆನೆಸಿಕೊಳ್ಳಿ. ಅಲ್ಲಿರುವ ಒಬ್ಬೊಬ್ಬರಿಗೂ ಬ್ರೇಕ್ ಇಲ್ಲ ಅಂದುಕೊಳ್ಳಿ. ಹಾಗಿತ್ತು.

ಹೊರಟು ಅರ್ಧ ಗಂಟೆಯಾಗಿರಬೇಕು. ಗಾಳಿ ಎದುರಿಗಿದ್ದುದರಿಂದ ಎಲ್ಲರೂ ಎಡಕ್ಕೊಮ್ಮೆ ಬಲಕ್ಕೊಮ್ಮೆ ಹಾವಿನಂತೆ ಹೋಗುತ್ತಿದ್ದೆವು. ಬಲಮಗ್ಗುಲಿಂದ ಗಾಳಿ ಪಡೆಯುವ ದೋಣಿಗೆ ದಾರಿ ಬಿಡಬೇಕು ಅನ್ನೋದು ನಿಯಮ. ನಾವು ಎಡಮಗ್ಗುಲ ಗಾಳಿಯವರು. "ಸ್ಟಾರ್‌ಬೋರ್ಡ್!" ಅಂತ ಯಾರೋ ಕಿರುಚಿದರು. ನಾವು ಬಲಮಗ್ಗುಲ ಗಾಳಿಯವರು, ದಾರಿ ಬಿಡಿ ಅಂತ ಅರ್ಥ. ನೀಲಿ ಬಣ್ಣದ ದೋಣಿಯೊಂದು ನೇರ ನಮ್ಮ ಹೊಟ್ಟೆಗೇ ಬರುತ್ತಿತ್ತು. ಮೇಸ್ತ್ರಿ ದೋಣಿ ತಿರುಗಿಸಿದರು. ನಾನು ಹಗ್ಗ ಬಿಡಬೇಕು. ಬಿಟ್ಟೆ. ಅದು ಬಿಡಲಿಲ್ಲ. ನೋಡಿದರೆ, ಸುತ್ತಿನ ಮೇಲೆ ಸುತ್ತು ಹತ್ತಿ ಕೂತಿದೆ. ಅವಸರದಲ್ಲಿ ಮೂರು ಸುತ್ತು ಮೊದಲೇ ಹಾಕಿದ್ದೆ. ಹಾಯಿ ತಿರುಗುಮುರುಗಾಗಿ ಉಬ್ಬಿತು, ದೋಣಿ ನಡುರಸ್ತೆಯಲ್ಲಿ ಕೂತ ಎತ್ತಿನಂತೆ ನಿಂತುಬಿಟ್ಟಿತು. ನೀಲಿ ದೋಣಿಯವರು ಒಂದು ಮಾರು ದೂರದಲ್ಲಿ ತಪ್ಪಿಸಿಕೊಂಡು ಹೋದರು. ಹೋಗುವಾಗ ಬೈದದ್ದನ್ನು ಇಲ್ಲಿ ಬರೆಯೋಕಾಗೋದಿಲ್ಲ.

ಇನ್ನೊಂದು ಹಗ್ಗ ಕಟ್ಟಿ, ಭಾರ ಅದಕ್ಕೆ ಕೊಟ್ಟು, ಗಂಟು ಬಿಡಿಸುವಷ್ಟರಲ್ಲಿ ನನ್ನ ಎರಡು ಉಗುರು ಹೋಗಿದ್ದವು. ತಪ್ಪು ನಮ್ಮದಾದ್ದರಿಂದ ದಂಡ ಕಟ್ಟಬೇಕು. ದಂಡ ಏನು ಗೊತ್ತಾ? ನಿಂತಲ್ಲೇ ದೋಣಿಯನ್ನು ಎರಡು ಪೂರ್ತಿ ಸುತ್ತು ತಿರುಗಿಸುವುದು. ಯಾವ ಅಂಪೈರೂ ಹೇಳಲಿಲ್ಲ. ಮೇಸ್ತ್ರಿ ತಾವೇ ಹಾಕಿದರು. ನಾನು ತಲೆ ಎತ್ತದೆ ಕೂತಿದ್ದೆ. "ಈಗ ನಿನಗೆ ಮೂರು ಸುತ್ತಿನ ಪಾಠ ಮರೆಯೋದಿಲ್ಲ" ಅಂದರು, ಅಷ್ಟೇ.

ಇಷ್ಟಾದರೂ ನಾವು ಬೇಗ ಬೇಗ ಪಶ್ಚಿಮಕ್ಕೆ ಸಾಗುತ್ತಿದ್ದೆವು. ಅದು ಹೇಗೆ ಅಂತ ನನಗೆ ಗೊತ್ತಾಗಲಿಲ್ಲ. ಗಾಳಿ ಎದುರಿಗೆ, ದೋಣಿಯ ವೇಗ ಐದು ನಾಟ್, ಅಂದ್ರೆ ಗಂಟೆಗೆ ಐದು ನಾಟಿಕಲ್ ಮೈಲಿ, ತೋರಿಸುತ್ತಿದೆ. ಆದರೆ ದಡದ ಮರಗಳು ಅದಕ್ಕಿಂತ ಜೋರಾಗಿ ಹಿಂದೆ ಓಡುತ್ತಿವೆ. ದ್ವೀಪಕ್ಕೂ ಇಂಗ್ಲೆಂಡಿಗೂ ನಡುವಿನ ಸೋಲೆಂಟ್ ಕಾಲುವೆಯಲ್ಲಿ ನೀರು ಸುಮಾರು ಆರು ಗಂಟೆ ಒಂದು ಕಡೆ ಹರಿದರೆ ಮುಂದಿನ ಆರು ಗಂಟೆ ಇನ್ನೊಂದು ಕಡೆ ಹರಿಯುತ್ತದೆ. ಹರ್ಸ್ಟ್ ಕೋಟೆಯ ಹತ್ತಿರ ಕಾಲುವೆ ಕಿರಿದಾಗುವಲ್ಲಿ ಈ ಹರಿವೇ ನಾಲ್ಕು ನಾಟ್‌ವರೆಗೆ ಹೋಗುತ್ತದೆ. ಬೆಳಿಗ್ಗೆ ನೀರು ಪಶ್ಚಿಮಕ್ಕೆ ಹರಿಯುವ ದಿನ ನೋಡಿಯೇ ರೇಸಿನ ತಾರೀಖು ಇಡುತ್ತಾರೆ. ಪಂಚಾಂಗ ನೋಡಿ ಮುಹೂರ್ತ ಇಟ್ಟ ಹಾಗೆ. ಎಡಸುತ್ತಿನ ಗುಟ್ಟು ಅಲ್ಲಿತ್ತು. ಆದರೆ ಆಗ ನನ್ನ ತಲೆಯಲ್ಲಿ ಗಾಳಿ ಒಂದೇ ತುಂಬಿತ್ತು.

ದ್ವೀಪದ ಪಶ್ಚಿಮ ತುದಿಯಲ್ಲಿ ನೀಡಲ್ಸ್ ಬಂಡೆಗಳು. ಬಿಳಿ ಸುಣ್ಣಕಲ್ಲಿನ ಮೂರು ಬಂಡೆ, ಕೊನೆಗೊಂದು ದೀಪಸ್ತಂಭ. ನಿಜವಾಗಿ ಸೂಜಿಯ ಹಾಗಿದ್ದ ನಾಲ್ಕನೆಯದು 1764ರ ಬಿರುಗಾಳಿಗೆ ಬಿದ್ದುಹೋಗಿದೆ. ಹೆಸರು ಮಾತ್ರ ಉಳಿದಿದೆ. ದೀಪಸ್ತಂಭದಾಚೆ ನೀರಿನಡಿ 1947ರಲ್ಲಿ ಒಡೆದ ವರ್ವಾಸಿ ಎಂಬ ಗ್ರೀಕ್ ಹಡಗಿನ ಅವಶೇಷ ಇದೆ. ಬಂಡೆಗೂ ಅವಶೇಷಕ್ಕೂ ನಡುವೆ ನುಸುಳಿದರೆ ಕೆಲವು ನಿಮಿಷ ಉಳಿಯುತ್ತದೆ. ತಪ್ಪಿದರೆ ದೋಣಿಯ ತಳ ಹೋಗುತ್ತದೆ. ನಮ್ಮ ಮೇಸ್ತ್ರಿ ದೂರದಿಂದಲೇ ಸುತ್ತಿ ಹಾಕಿದರು. ಅವರ ದೋಣಿಯ ಸಾಲ ಇನ್ನೂ ತೀರಿರಲಿಲ್ಲ.

ಅಲ್ಲಿಂದ ತೆರೆದ ಸಮುದ್ರ. ಇಷ್ಟು ಹೊತ್ತು ಬೆನ್ನು ತಟ್ಟುತ್ತಿದ್ದ ನೀರು ಈಗ ಎದುರಾಯಿತು. ಸೇಂಟ್ ಕ್ಯಾಥರಿನ್ ತುದಿ ಹತ್ತಿರ ಬಂದಂತೆ ಅಲೆಗಳು ದಿಕ್ಕಿಲ್ಲದೆ ಕುದಿಯತೊಡಗಿದವು. ನನ್ನ ಹೊಟ್ಟೆಯೂ. ಎರಡು ಸಲ ಅಂಚಿಗೆ ಬಾಗಿದೆ. ಅದರ ಬಗ್ಗೆ ಜಾಸ್ತಿ ಬರೆಯೋದು ಬೇಡ. ಜೇಬಿನಲ್ಲಿದ್ದ ಶುಂಠಿ ಚೂರು ಅಗಿದೆ. ಆಮೇಲೆ ಅವ್ವ ಕಳಿಸಿದ್ದ ಕಟಕ್ ರೊಟ್ಟಿ ತೆಗೆದೆ. ಸಜ್ಜೆಯದು ಒಂದು ಕಟ್ಟು, ಜೋಳದ್ದು ಒಂದು ಕಟ್ಟು, ಮೇಲೆ ಶೇಂಗಾ ಚಟ್ನಿ ಪುಡಿ. ಉಳಿದವರ ಸ್ಯಾಂಡ್‌ವಿಚ್‌ಗಳು ಅಷ್ಟೊತ್ತಿಗೆ ಉಪ್ಪುನೀರು ಕುಡಿದು ಮುದ್ದೆಯಾಗಿದ್ದವು. ಸಮುದ್ರದಲ್ಲಿ ತಿನ್ನೋಕೆ ಇದಕ್ಕಿಂತ ಒಳ್ಳೆಯ ಬುತ್ತಿ ನಾನಂತೂ ಕಂಡಿಲ್ಲ. ಒಣಗಿರುತ್ತದೆ, ಕೆಡೋದಿಲ್ಲ, ಒಂದು ಕೈಯಲ್ಲಿ ಹಗ್ಗ ಹಿಡಿದೇ ತಿನ್ನಬಹುದು. ಅರ್ಧ ಗಂಟೆಯಲ್ಲಿ ಒಂದು ಕಟ್ಟು ಖಾಲಿ.

ತುದಿ ದಾಟಿದ ಮೇಲೆ ಗಾಳಿ ಬೆನ್ನಿಗೆ ಬಂತು. ನೀರೂ ತಿರುಗಿ ನಮ್ಮ ಕಡೆಯಾಯಿತು. ಸ್ಪಿನೇಕರ್ ಅನ್ನೋ ಬಲೂನಿನಂತೆ ಉಬ್ಬುವ ಕೆಂಪು ಬಿಳಿ ಹಾಯಿ ಬಿಚ್ಚಿದೆವು. ವೆಂಟ್ನರ್, ಸ್ಯಾಂಡೌನ್ ಕೊಲ್ಲಿ ಎಲ್ಲ ಸುಮ್ನೆ ಸರಿದುಹೋದವು. ನೂರಾರು ಬಣ್ಣದ ಹಾಯಿಗಳು ಒಟ್ಟಿಗೆ ಉಬ್ಬಿದ್ದವು. ಫೋಟೊದಲ್ಲಿ ನೀವು ನೋಡೋದು ಈ ಭಾಗವನ್ನೇ.

ಮೂರು ಗಂಟೆಗೆ ಬೆಂಬ್ರಿಜ್ ತೇಲುಗಂಬ ಸುತ್ತಿ ಮತ್ತೆ ಸೋಲೆಂಟಿನ ಒಳಗೆ ಬಂದೆವು. ಕೌಸ್ ಇನ್ನೇನು ಹತ್ತಿರ ಅನ್ನುವಷ್ಟರಲ್ಲಿ ಗಾಳಿ ಸತ್ತಿತು. ನೀರು ಈಗ ಪೂರ್ವಕ್ಕೆ, ಅಂದ್ರೆ ನಮಗೆ ಎದುರು. ಮೇಸ್ತ್ರಿ ದೋಣಿಯನ್ನು ರೈಡ್ ಊರಿನ ಮರಳದಿಬ್ಬದ ಕಡೆ ತಿರುಗಿಸಿದರು. ಆಳ ತೋರಿಸುವ ಯಂತ್ರ ನಾಲ್ಕು ಮೀಟರ್, ಮೂರು, ಎರಡೂವರೆ ಅನ್ನುತ್ತಿದೆ. ನಮ್ಮ ದೋಣಿಯ ತಳ ಒಂದೂ ಮುಕ್ಕಾಲು ಮೀಟರ್ ಕೆಳಗಿದೆ. ದಡಕ್ಕೆ ಯಾಕೆ ಇಷ್ಟು ಹತ್ತಿರ ಹೋಗ್ತಾರೆ ಇವರು ಅಂತ ಹೆದರಿಕೆಯಾಯಿತು. ಆಗ ತಟ್ಟನೆ ಕೊರ್ಲಹಳ್ಳಿ ನೆನಪಾಯಿತು. ಚಿಕ್ಕವನಿದ್ದಾಗ ತುಂಗಭದ್ರೆ ದಾಟೋಕೆ ಹರಿಗೋಲು ಹತ್ತುತ್ತಿದ್ದೆವು. ಅಂಬಿಗ ನೇರ ಆಚೆ ದಡಕ್ಕೆ ಹೋಗುತ್ತಿರಲಿಲ್ಲ. ಮೊದಲು ದಡದ ಬಗಲಲ್ಲೇ ಮೇಲಕ್ಕೆ ಹುಟ್ಟು ಹಾಕುತ್ತಿದ್ದ. ದಡದ ಹತ್ತಿರ, ನೀರು ತೆಳ್ಳಗಿರುವಲ್ಲಿ ಸೆಳವು ಕಡಿಮೆ. ಇಂಗ್ಲಿಷ್ ಮೇಸ್ತ್ರಿ ಮಾಡುತ್ತಿದ್ದುದೂ ಅದನ್ನೇ.

ಅದೂ ಸಾಕಾಗಲಿಲ್ಲ. "ಆ ದೀಪದ ಕಂಬ ನೋಡು, ಅದರ ಹಿಂದಿನ ಬಿಳಿ ಮನೆ ನೋಡು" ಅಂದರು. ನೋಡಿದೆ. ಹಾಯಿಯಲ್ಲಿ ಸ್ವಲ್ಪ ಉಸಿರಿತ್ತು. ದೋಣಿಯ ಮೂತಿಯಲ್ಲಿ ಸಣ್ಣ ನೊರೆ ಏಳುತ್ತಿತ್ತು, ಪಕ್ಕದಲ್ಲಿ ನೀರು ಹಿಂದಕ್ಕೆ ಸರಿಯುತ್ತಿತ್ತು. ಯಾರು ನೋಡಿದರೂ ಮುಂದೆ ಹೋಗುತ್ತಿದ್ದೇವೆ ಅನ್ನಬೇಕು. ಆದರೆ ಮನೆಯ ಬಾಗಿಲ ಮುಂದೆ ಇದ್ದ ಕಂಬ ನಿಧಾನವಾಗಿ ಕಿಟಕಿಯ ಮುಂದೆ ಬಂತು. ಆಮೇಲೆ ಗೋಡೆಯ ಅಂಚಿಗೆ. ನಾವು ಹಿಂದಕ್ಕೆ ಹೋಗುತ್ತಿದ್ದೆವು!

"ಲಂಗರು ಬಿಡಿ" ಅಂದರು ಮೇಸ್ತ್ರಿ.

ರೇಸಿನಲ್ಲಿ ಲಂಗರು! ನಾನು ತಮಾಷೆ ಅಂದುಕೊಂಡೆ. ಆದರೆ ನಿಯಮದಲ್ಲಿ ಅದಕ್ಕೆ ಅವಕಾಶ ಇದೆ. ಹೊರಡುವಾಗ ಎತ್ತಿಕೊಂಡರೆ ಆಯಿತು. ಸದ್ದಿಲ್ಲದೆ ಇಳಿಸಬೇಕು, ಹಾಯಿ ಏರಿಸಿದ ಹಾಗೆಯೇ ಇರಬೇಕು, ಅಕ್ಕಪಕ್ಕದವರಿಗೆ ಗೊತ್ತಾಗಬಾರದು. ನಾನೇ ಮೂತಿಗೆ ಹೋಗಿ ಹೊಟ್ಟೆ ಮೇಲೆ ಮಲಗಿ ಹಗ್ಗವನ್ನು ಅಂಗೈಯಲ್ಲಿ ಜಾರಿಸುತ್ತಾ ಇಳಿಸಿದೆ. ಕೆಳಗೆ ಮರಳು ಮುಟ್ಟಿದ್ದು ಬೆರಳಿಗೆ ಗೊತ್ತಾಯಿತು. ಹಗ್ಗ ಬಿಗಿಯಿತು. ಕಂಬ ಗೋಡೆಯಂಚಿನಲ್ಲಿ ನಿಂತಿತು.

ನಮ್ಮ ಪಕ್ಕದ ದೋಣಿಗಳು ಹಾಯಿ ಸರಿ ಮಾಡುತ್ತಾ, ಹಗ್ಗ ಎಳೆಯುತ್ತಾ, ಒಬ್ಬರಿಗೊಬ್ಬರು ಕೂಗುತ್ತಾ ನಿಧಾನವಾಗಿ ಹಿಂದಕ್ಕೆ ಹೋದವು. ಅವುಗಳಲ್ಲಿ ಬೆಳಗಿನ ನೀಲಿ ದೋಣಿಯೂ ಇತ್ತು. ನಾನು ಕೈ ಬೀಸಿದೆ. ಅವರು ಬೀಸಲಿಲ್ಲ. ಮುಕ್ಕಾಲು ಗಂಟೆ ನಾವು ಮಾಡಿದ ಕೆಲಸ ಅಂದ್ರೆ ಎರಡನೇ ಕಟ್ಟು ರೊಟ್ಟಿ ಮುಗಿಸಿದ್ದು. ಐದು ಗಂಟೆ ದಾಟಿದ ಮೇಲೆ ಲಂಗರಿನ ಹಗ್ಗ ಸಡಿಲಾಯಿತು. ಆಮೇಲೆ ದೋಣಿ ತಾನೇ ಅದರ ಮೇಲೆ ತೇಲಿಬಂತು. ನೀರು ತಿರುಗಿತ್ತು. ಎತ್ತಿಕೊಂಡು ಹೊರಟೆವು. ಗಾಳಿ ಹೇಳಿಕೊಳ್ಳುವಂಥದ್ದೇನೂ ಇರಲಿಲ್ಲ. ನೀರೇ ಹೊತ್ತುಕೊಂಡು ಹೋಗಿ ಏಳು ಗಂಟೆಗೆ ಕೌಸಿನ ಗೆರೆ ದಾಟಿಸಿತು.

ಇದನ್ನೆಲ್ಲ ಕೇಳಿದ ಮೇಲೆ ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಕುಂತವರು ಮುಂದ ಹೋದ್ರಿ, ಓಡಿದವರು ಹಿಂದ ಹೋದ್ರು. ಅದೆಂಥಾ ರೇಸೋ ಮಾರಾಯಾ" ಅಂದಳು. ಎಷ್ಟನೇ ನಂಬರು ಬಂತು ಅಂತ ಕೇಳಿದಳು. ಎಂಟುನೂರರ ಆಚೆ ಅಂದೆ.

"ಹೋಗ್ಲಿ ಬಿಡು. ರೊಟ್ಟಿ ಸಾಕಾದ್ವಾ?"

"ಸಾಲಲಿಲ್ಲ" ಅಂದೆ.