ಹುಣಸೆ ಬೀಜದ ಸದ್ದು ಮತ್ತು ಒಂದು ಭಾನುವಾರ

ಬೆಳಿಗ್ಗೆ ಗಾಡಿ ಸ್ಟಾರ್ಟ್ ಮಾಡಿದ ಕೂಡಲೇ ಡಬ್ಬದಲ್ಲಿ ಹುಣಸೆ ಬೀಜ ಹಾಕಿ ಅಲ್ಲಾಡಿಸಿದ ಹಾಗೆ ಸದ್ದು ಬರುತ್ತಿತ್ತು. ಮೊದಮೊದಲು ಐದಾರು ಸೆಕೆಂಡ್ ಬಂದು ನಿಲ್ಲುತ್ತಿತ್ತು. ಮಳೆಗಾಲ ಮುಗಿಯುವ ಹೊತ್ತಿಗೆ ಎಂಜಿನ್ ಬಿಸಿಯಾದರೂ ನಿಲ್ಲದಾಯಿತು. ನನ್ನದು ಸೆಕೆಂಡ್ ಹ್ಯಾಂಡ್ ತಗೊಂಡ 150 ಸಿಸಿ ಬೈಕ್. ಮೀಟರ್‌ನಲ್ಲಿ 64,000 ಕಿಲೋಮೀಟರ್ ದಾಟಿತ್ತು. ದಿನಾ ಹಾಸನದಿಂದ ಬೇಲೂರಿಗೆ ಹೋಗಿ ಬರುವ ಕೆಲಸ, ಹಾಗಾಗಿ ಆ ಸದ್ದನ್ನು ಕೇಳಿಸಿಕೊಳ್ಳಲು ಬೇಕಾದಷ್ಟು ಸಮಯ ಇತ್ತು.

ಒಂದು ಗ್ಯಾರೇಜಿಗೆ ತೋರಿಸಿದೆ. "ಟ್ಯಾಪೆಟ್ ಅಷ್ಟೇ ಸಾರ್, ಟೈಟ್ ಮಾಡಿದ್ರೆ ಸರಿಹೋಗುತ್ತೆ" ಅಂದರು. ಮಾಡಿದರು. ಸದ್ದು ಹಾಗೇ ಉಳಿಯಿತು, ಜೊತೆಗೆ ಬೆಳಿಗ್ಗೆ ಸ್ಟಾರ್ಟ್ ಆಗುವುದೂ ಕಷ್ಟವಾಯಿತು. ಟ್ಯಾಪೆಟ್, ಅಂದರೆ ವಾಲ್ವನ್ನು ಒತ್ತುವ ತಿರುಪು, ಅಗತ್ಯಕ್ಕಿಂತ ಬಿಗಿಯಾದರೆ ವಾಲ್ವ್ ಪೂರ್ತಿ ಮುಚ್ಚುವುದಿಲ್ಲ, ಕಂಪ್ರೆಷನ್ (ಪಿಸ್ಟನ್ ಒತ್ತಿದ ಗಾಳಿಯ ಬಲ) ಸೋರುತ್ತದೆ. ಇನ್ನೊಂದು ಕಡೆ ಕೇಳಿದರೆ, "ಹೆಡ್ ಇಳಿಸ್ಬೇಕು ಸಾರ್. ಟೈಮಿಂಗ್ ಚೈನು, ಸ್ಪ್ರಾಕೆಟ್ಟು, ಗೈಡು, ಎಲ್ಲಾ ಒಂದೇ ಸಲ ಹಾಕ್ಬಿಡೋಣ. ಏಳು ಸಾವಿರದ ಹತ್ರ ಆಗುತ್ತೆ." ಹೆಡ್ ಅಂದರೆ ಎಂಜಿನ್‌ನ ಮೇಲಿನ ಭಾಗ. ಅವರ ಮಾತು ಪೂರ್ತಿ ತಪ್ಪು ಅಂತ ಹೇಳುವುದಿಲ್ಲ. ಆದರೆ ಇಬ್ಬರೂ ಸದ್ದು ಎಲ್ಲಿಂದ ಬರುತ್ತಿದೆ ಅಂತ ಕಿವಿಗೊಟ್ಟು ಕೇಳಲೇ ಇಲ್ಲ. ಅದೇ ನನಗೆ ಸರಿ ಕಾಣಲಿಲ್ಲ.

ನಮ್ಮಪ್ಪನ ಹತ್ತಿರ ಮೈಸೂರಿನಲ್ಲೇ ತಯಾರಾದ ಯೆಜ್ಡಿ ಇತ್ತು. ಟೂ ಸ್ಟ್ರೋಕ್ ಗಾಡಿ. ಅದರಲ್ಲಿ ವಾಲ್ವೂ ಇಲ್ಲ, ಅದನ್ನು ತೆರೆಯುವ ಕ್ಯಾಮೂ ಇಲ್ಲ, ಆದ್ದರಿಂದ ಈ ಚೈನಿನ ಕಾಟವೂ ಇಲ್ಲ. ಹಳೆ ಬುಲೆಟ್‌ನಲ್ಲಿ ಕ್ಯಾಮ್ ಕೆಳಗೇ ಇರುತ್ತದೆ, ಉದ್ದನೆ ಪುಷ್‌ರಾಡ್ ಮೇಲಿನ ವಾಲ್ವ್ ಎತ್ತುತ್ತದೆ. ಈಗಿನ ಹೆಚ್ಚಿನ ಬೈಕ್‌ಗಳಲ್ಲಿ ಕ್ಯಾಮ್ ಹೆಡ್‌ನಲ್ಲಿ ಕೂತಿದೆ. ಕೆಳಗೆ ತಿರುಗುವ ಕ್ರ್ಯಾಂಕ್‌ನಿಂದ ಮೇಲಿರುವ ಕ್ಯಾಮ್‌ಗೆ ತಿರುಗುವಿಕೆ ಮುಟ್ಟಿಸುವುದು ಒಂದು ತೆಳ್ಳನೆ ಚೈನ್, ಅದೇ ಟೈಮಿಂಗ್ ಚೈನ್. ಓಡಿದಷ್ಟೂ ಅದು ಸವೆದು ಉದ್ದವಾಗುತ್ತದೆ. ಸಡಿಲವಾದ ಕಡೆ ಒಂದು ರಬ್ಬರ್ ಪಟ್ಟಿ ಅದನ್ನು ಒತ್ತಿ ಹಿಡಿದಿರುತ್ತದೆ, ಆ ಪಟ್ಟಿಯನ್ನು ಹಿಂದಿನಿಂದ ತಳ್ಳುವುದೇ ಟೆನ್ಷನರ್. ಸ್ಪ್ಲೆಂಡರ್ ತರಹದ ಗಾಡಿಗಳಲ್ಲಿ ಈ ತಳ್ಳುವ ರಾಡ್, ಸ್ಪ್ರಿಂಗ್ ಎರಡೂ ಎಂಜಿನ್‌ನ ಕೆಳಭಾಗದಲ್ಲಿರುತ್ತವೆ. ನನ್ನ ಗಾಡಿಯಲ್ಲಿ ಸಿಲಿಂಡರ್ ಹಿಂದೆ, ಕಾರ್ಬೊರೇಟರ್ ಕೆಳಗೆ, ಎರಡು ಬೋಲ್ಟ್‌ನಲ್ಲಿ ಕೂತ ಸಣ್ಣ ಗುಂಡಿಯಂಥದ್ದು.

ಮೊದಲು ಆಯಿಲ್ ನೋಡಿದೆ. ಆಯಿಲ್ ಕಡಿಮೆಯಿದ್ದರೂ ಇದೇ ತರಹ ಗಲಾಟೆ ಬರುತ್ತದೆ. ಮಟ್ಟ ಸರಿ ಇತ್ತು. ಆಮೇಲೆ ಉದ್ದನೆ ಸ್ಕ್ರೂಡ್ರೈವರ್ ತಗೊಂಡು ಹಿಡಿಯನ್ನು ಕಿವಿಯ ಹತ್ತಿರ ಎಲುಬಿಗೆ ಒತ್ತಿ, ತುದಿಯನ್ನು ಎಂಜಿನ್ ಮೇಲೆ ಒಂದೊಂದೇ ಕಡೆ ಇಟ್ಟೆ. ಮೇಲೆ ಟ್ಯಾಪೆಟ್ ಮುಚ್ಚಳದಲ್ಲಿ ಗಡಿಯಾರದ ಹಾಗೆ ಒಂದೇ ಸಮನೆ ಟಿಕ್ ಟಿಕ್. ಅದು ಇರಬೇಕಾದ್ದೇ. ಎಡಗಡೆ ಸಿಲಿಂಡರ್ ಮಧ್ಯಕ್ಕೆ ಇಟ್ಟರೆ ಲಯವೇ ಇಲ್ಲದ ಕರಕರ. ಟೆನ್ಷನರ್ ಮೇಲೆ ಇಟ್ಟರೆ ಇನ್ನೂ ಜೋರು. ಥ್ರಾಟಲ್ ಸ್ವಲ್ಪ ತಿರುಗಿಸಿದರೆ ಮಾಯ, ಬಿಟ್ಟ ಕ್ಷಣ ಮತ್ತೆ ಜೋರಾಗಿ ಬಂದು ಇಳಿಯುವುದು. ಚೈನ್ ಒಳಗೆ ಗೋಡೆಗೆ ಬಡಿಯುತ್ತಿದೆ ಅನ್ನುವುದು ಖಾತ್ರಿಯಾಯಿತು.

ಈಗ ಪ್ರಶ್ನೆ ಒಂದೇ. ಹೋಗಿರುವುದು ಚೈನೋ, ಟೆನ್ಷನರೋ? ಚೈನ್ ಆದರೆ ಏಳು ಸಾವಿರದ ಮಾತೇ ನಿಜ. ಟೆನ್ಷನರ್ ಆದರೆ ಕೆಲವೇ ನೂರರ ಕೆಲಸ.

ಭಾನುವಾರ ಎಂಜಿನ್ ತಣ್ಣಗಿದ್ದಾಗಲೇ ಕೂತೆ. ಅವಸರದವರು ಬಿಟ್ಟುಬಿಡುವ ಹೆಜ್ಜೆ ಮೊದಲು ಹೇಳುತ್ತೇನೆ: ಪಿಸ್ಟನ್ ಕಂಪ್ರೆಷನ್‌ನಲ್ಲಿ ತೀರಾ ಮೇಲಿರುವ ಹಾಗೆ ನಿಲ್ಲಿಸಿಕೊಳ್ಳುವುದು. ಮ್ಯಾಗ್ನೆಟ್ ಕವರ್ ಮೇಲಿನ ಎರಡು ಮುಚ್ಚಳಗಳನ್ನು ದಪ್ಪ ನಾಣ್ಯದಿಂದ ಬಿಚ್ಚಿ, ನಡುವಿನ ನಟ್ಟಿಗೆ ಸ್ಪ್ಯಾನರ್ ಹಾಕಿ ನಿಧಾನಕ್ಕೆ ಎಡಕ್ಕೆ ತಿರುಗಿಸಿದೆ. ಸಣ್ಣ ಕಿಂಡಿಯಲ್ಲಿ 'ಟಿ' ಗುರುತು ಗೀಟಿಗೆ ಸರಿಯಾಗಿ ಬಂದಾಗ ನಿಲ್ಲಿಸಿದೆ. ಟ್ಯಾಪೆಟ್ ಮುಚ್ಚಳ ಬಿಚ್ಚಿ ನೋಡಿದರೆ ಎರಡೂ ರಾಕರ್ (ವಾಲ್ವ್ ಒತ್ತುವ ತೋಳು) ಬೆರಳಿಗೆ ಕೊಂಚ ಅಲ್ಲಾಡಬೇಕು. ಒಂದು ಬಿಗಿಯಾಗಿದ್ದರೂ ಇನ್ನೊಂದು ಸುತ್ತು ತಿರುಗಿಸಬೇಕು. ಯಾಕೆ ಇಷ್ಟೆಲ್ಲ ಅಂದರೆ, ವಾಲ್ವ್ ಸ್ಪ್ರಿಂಗ್ ಕ್ಯಾಮನ್ನು ತಳ್ಳುತ್ತಿರುವಾಗ ಟೆನ್ಷನರ್ ಬಿಚ್ಚಿದರೆ, ಕ್ಯಾಮ್ ತಾನಾಗಿ ತಿರುಗಿ ಚೈನ್ ಒಂದು ಹಲ್ಲು ಹಾರಬಹುದು. ಹಾಗಾದದ್ದು ಗೊತ್ತಾಗದೆ ಸ್ಟಾರ್ಟ್ ಮಾಡಿದರೆ ವಾಲ್ವ್ ಹೋಗಿ ಪಿಸ್ಟನ್‌ಗೆ ಬಡಿಯುವ ಅಪಾಯವೂ ಉಂಟು. ಟೆನ್ಷನರ್ ಹೊರಗಿರುವಷ್ಟು ಹೊತ್ತು ಕಿಕ್ಕರ್ ಮುಟ್ಟಬಾರದು, ಗೇರಿನಲ್ಲಿಟ್ಟು ಗಾಡಿ ತಳ್ಳಬಾರದು. ಮಗಳು ಸೀಟಿನ ಮೇಲೆ ಹತ್ತಿ ಆಡಲು ಬಂದಳು, ಅವಳನ್ನು ಒಳಗೆ ಕಳಿಸಿ ಬಾಗಿಲು ಹಾಕಿದೆ.

ಟೆನ್ಷನರ್ ನಡುವೆ ಒಂದು ಸಣ್ಣ ತಿರುಪು ಇರುತ್ತದೆ. ಅದನ್ನು ಬಿಚ್ಚಿ ತೆಳ್ಳನೆ ಸ್ಕ್ರೂಡ್ರೈವರ್ ತೂರಿಸಿ ಬಲಕ್ಕೆ ತಿರುಗಿಸಿದರೆ ಒಳಗಿನ ರಾಡ್ ಹಿಂದಕ್ಕೆ ಬರುತ್ತದೆ. ಕೈಬಿಟ್ಟರೆ ಸುರುಳಿ ಸ್ಪ್ರಿಂಗ್ ಅದನ್ನು ಮತ್ತೆ ಹೊರಗೆ ತಳ್ಳುತ್ತದೆ. ಒಂದು ಕೈ ಇದನ್ನು ಹಿಡಿದಿರಬೇಕು, ಇನ್ನೊಂದು ಕೈ ಬೋಲ್ಟ್ ಬಿಚ್ಚಬೇಕು, ಜಾಗ ಮಾತ್ರ ಎರಡು ಬೆರಳಿನಷ್ಟು. ಅದಕ್ಕೇ ಹಿಂದಿನ ದಿನವೇ ಹಳೆ ಆಕ್ಸಾ (ಕಬ್ಬಿಣ ಕೊಯ್ಯುವ ಗರಗಸ) ಬ್ಲೇಡಿನ ತುಂಡು ಉಜ್ಜಿ ಒಂದು ಕೀಲಿ ಮಾಡಿಕೊಂಡಿದ್ದೆ. ತುದಿ ಒಳಗಿನ ತಿರುಪಿನ ಸೀಳಿಗೆ ಕೂರುವಷ್ಟು ಸಣ್ಣದು, ಮೇಲೆ ಎರಡು ಕಡೆ ಸಣ್ಣ ರೆಕ್ಕೆ. ರೆಕ್ಕೆಗಳು ತೂತಿನ ಅಂಚಿನ ಸೀಳಿನಲ್ಲಿ ಸಿಕ್ಕಿಕೊಂಡರೆ ರಾಡ್ ಅಲ್ಲೇ ನಿಂತುಬಿಡುತ್ತದೆ. ಅರ್ಧ ಗಂಟೆ ಅರ ಉಜ್ಜಿದ್ದು ದಂಡವಾಗಲಿಲ್ಲ.

ಬಿಚ್ಚಿ ಕೈಗೆ ತಗೊಂಡ ಮೇಲೆ ಕೀಲಿ ತೆಗೆದು ರಾಡನ್ನು ಪೂರ್ತಿ ಹೊರಗೆ ಬಿಟ್ಟೆ. ಹೆಬ್ಬೆರಳಲ್ಲಿ ಒತ್ತಿದೆ. ಒಳ್ಳೆಯ ಟೆನ್ಷನರ್ ಕಲ್ಲಿನ ಹಾಗೆ ನಿಲ್ಲಬೇಕು, ಸ್ಕ್ರೂಡ್ರೈವರ್‌ನಿಂದ ತಿರುಗಿಸಿದರೆ ಮಾತ್ರ ಒಳಗೆ ಹೋಗಬೇಕು. ನನ್ನದು ಬಾಲ್‌ಪೆನ್ ಒತ್ತಿದಷ್ಟು ಸಲೀಸಾಗಿ ಒಳಗೆ ಹೋಯಿತು. ಮತ್ತೆ ಒತ್ತಿದೆ, ಮತ್ತೆ ಹೋಯಿತು. ಚೈನ್ ತಳ್ಳಿದಾಗಲೆಲ್ಲ ಇದು ಹಿಂದೆ ಸರಿಯುತ್ತಿತ್ತು, ಅಷ್ಟೇ.

ಆದರೂ ಚೈನ್ ಎಷ್ಟು ಉದ್ದವಾಗಿದೆ ಅಂತ ನೋಡದೆ ಹೊಸದು ಹಾಕಿದರೆ ಕಣ್ಣುಮುಚ್ಚಿ ಹಾಕಿದ ಹಾಗೆ, ಅಲ್ವಾ? ಒಂದು ಸೈಕಲ್ ಕಡ್ಡಿ ತಗೊಂಡು ಟೆನ್ಷನರ್ ಕೂರುವ ತೂತಿನಲ್ಲಿ ಇಳಿಸಿ, ಒಳಗಿನ ಪಟ್ಟಿಯನ್ನು ಚೈನ್ ಬಿಗಿಯಾಗುವವರೆಗೆ ಮೆಲ್ಲಗೆ ಒತ್ತಿದೆ. ಸಿಲಿಂಡರ್ ಅಂಚಿನ ಮಟ್ಟಕ್ಕೆ ಉಗುರಿನಿಂದ ಗುರುತು ಹಿಡಿದು ಸ್ಕೇಲಿನಲ್ಲಿ ಅಳೆದರೆ 22 ಮಿಲಿಮೀಟರ್. ರಾಡ್ ಪೂರ್ತಿ ಹೊರಗೆ ಬಂದಾಗ 31 ಮಿಲಿಮೀಟರ್ ಚಾಚುತ್ತದೆ. ಅಂದರೆ ಟೆನ್ಷನರ್ ತಲುಪುವ ಅಳತೆಯೊಳಗೇ ಚೈನ್ ಇದೆ, ಇನ್ನೂ 9 ಮಿಲಿಮೀಟರ್ ಬಾಕಿ. ಈ ಅಳತೆ 30ರ ಹತ್ತಿರ ಬಂದಿದ್ದರೆ ನಾನೇ ಹೋಗಿ ಹೆಡ್ ಇಳಿಸಲು ಹೇಳುತ್ತಿದ್ದೆ. ಇದು ನನ್ನ ಗಾಡಿಯ ಲೆಕ್ಕ, ನಿಮ್ಮದಕ್ಕೆ ನೀವೇ ಅಳೆಯಬೇಕು.

ಪರಿಚಯದವರೊಬ್ಬರು ಇಂಥ ಹೊತ್ತಿನಲ್ಲಿ ಟೆನ್ಷನರ್ ತೆಗೆದು ಬರೀ ಬೋಲ್ಟು, ಲಾಕ್‌ನಟ್ಟು ಹಾಕಿಸಿಕೊಂಡಿದ್ದರು. ಸದ್ದು ನಿಲ್ಲುವವರೆಗೆ ತಿರುಗಿಸಿ, ಇರಲಿ ಅಂತ ಇನ್ನೊಂದು ಸುತ್ತು ಜಾಸ್ತಿ ಬಿಗಿದರು. ಕರಕರ ಹೋಗಿ ಕುಯ್ಯ್ ಅನ್ನುವ ಸದ್ದು ಶುರುವಾಯಿತು. ಬಿಗಿ ಜಾಸ್ತಿಯಾದರೆ ಪಟ್ಟಿಯ ರಬ್ಬರ್, ಚೈನ್, ಸ್ಪ್ರಾಕೆಟ್ ಎಲ್ಲವೂ ಬೇಗ ಸವೆಯುತ್ತವೆ. ಕೈಯಲ್ಲಿ ಬಿಗಿಯುವ ಟೆನ್ಷನರ್ ಕೆಟ್ಟದ್ದೇನಲ್ಲ, ಆದರೆ ಆಗಾಗ ನೋಡಿಕೊಳ್ಳುವ ತಾಳ್ಮೆ ಬೇಕು. ನನಗೆ ಅದಿಲ್ಲ.

ಹೊಸ ಟೆನ್ಷನರ್‌ಗೆ 380 ರೂಪಾಯಿ ಆಯಿತು. ಅಂಗಡಿಯವರು "ಪ್ಯಾಕಿಂಗ್ ಬೇಕಾ?" ಅಂತ, ಅಂದರೆ ಆಯಿಲ್ ಸೋರದ ಹಾಗೆ ನಡುವೆ ಇಡುವ ಕಾಗದ ಬೇಕಾ ಅಂತ, ಕೇಳಿದಾಗ ಹಳೆಯದು ಚೆನ್ನಾಗಿದೆ ಅಂದುಬಿಟ್ಟಿದ್ದೆ. ಆ ಜಾಣತನದ ಫಲ ಆಮೇಲೆ ಸಿಕ್ಕಿತು.

ಹೊಸದನ್ನೂ ಮೊದಲು ಹೆಬ್ಬೆರಳಲ್ಲಿ ಒತ್ತಿ ನೋಡಿದೆ. ಜಗ್ಗಲಿಲ್ಲ. ರಾಡನ್ನು ಪೂರ್ತಿ ಒಳಗೆಳೆದು ಕೀಲಿ ಹಾಕಿ, ಜಾಗಕ್ಕೆ ಕೂರಿಸಿ, ಎರಡೂ ಬೋಲ್ಟನ್ನು ಸರದಿಯಂತೆ ಬಿಗಿದೆ. ರಾಡ್ ಚಾಚಿರುವಾಗಲೇ ಬೋಲ್ಟ್ ಬಿಗಿದು ಎಳೆಯುವವರನ್ನು ನೋಡಿದ್ದೇನೆ. ಆಗ ಚೈನ್ ತಂತಿಯಂತೆ ಸೆಟೆದು ನಿಲ್ಲುತ್ತದೆ, ಇಲ್ಲವೇ ಟೆನ್ಷನರ್ ಕಿವಿಯೇ ಮುರಿಯುತ್ತದೆ. ಇವು 6 ಮಿಲಿಮೀಟರ್ ಬೋಲ್ಟು, ಕೂರುವುದು ಅಲ್ಯೂಮಿನಿಯಂನಲ್ಲಿ. ಸಣ್ಣ ಸ್ಪ್ಯಾನರಿನ ಬಿಗಿ ಸಾಕು, ತೋಳಿನ ಶಕ್ತಿ ತೋರಿಸುವ ಜಾಗ ಇದಲ್ಲ. ಕೊನೆಗೆ ಕೀಲಿ ಎಳೆದೆ. ಒಳಗೆ 'ಟಕ್' ಅಂತ ರಾಡ್ ಹೋಗಿ ಪಟ್ಟಿಗೆ ತಾಗಿದ್ದು ಬೆರಳಿಗೇ ಗೊತ್ತಾಯಿತು.

ಸ್ಟಾರ್ಟ್ ಮಾಡುವ ಮುಂಚೆ ಸ್ಪ್ಯಾನರಿನಿಂದ ಕ್ರ್ಯಾಂಕನ್ನು ಕೈಯಲ್ಲೇ ನಾಲ್ಕು ಸುತ್ತು ತಿರುಗಿಸಿದೆ. ಎಲ್ಲೂ ಗಟ್ಟಿಯಾಗಿ ತಡೆಯಲಿಲ್ಲ. ಟ್ಯಾಪೆಟ್‌ಗಳನ್ನೂ ಫೀಲರ್ ಗೇಜ್ (ಸಂದು ಅಳೆಯುವ ತೆಳ್ಳನೆ ಪಟ್ಟಿ) ಹಾಕಿ ಕೈಪಿಡಿಯ ಅಳತೆಗೆ ತಂದೆ. ಎರಡೂ ಆ ಅಳತೆಗಿಂತ ಕೊಂಚ ಬಿಗಿಯಾಗಿಯೇ ಇದ್ದವು. ಆಮೇಲೆ ಸೆಲ್ಫ್ ಒತ್ತಿದೆ. ಎರಡು ಸೆಕೆಂಡ್ ಕರಕರ ಅಂತು, ಎದೆ ಧಸಕ್ಕಂತು, ಅಷ್ಟರಲ್ಲಿ ನಿಂತಿತು. ಸೈಲೆನ್ಸರ್ ಸದ್ದು ಮಾತ್ರ ಕೇಳುತ್ತಿತ್ತು. ಒಳಗಿನಿಂದ ಹೆಂಡತಿ, "ಗಾಡಿ ಆಫ್ ಆಯ್ತಾ?" ಅಂತ ಕೇಳಿದಳು.

ಸೋಮವಾರ ಬೇಲೂರಿಗೆ ಹೋಗಿ ಬಂದು ನೋಡಿದರೆ ಸಿಲಿಂಡರ್ ಹಿಂದೆ ಆಯಿಲ್ ಬೆವರಿತ್ತು, ಅದರ ಮೇಲೆ ಧೂಳು ಮೆತ್ತಿಕೊಂಡಿತ್ತು. ಹಳೆ ಪ್ಯಾಕಿಂಗ್ ಒಂದು ಮೂಲೆಯಲ್ಲಿ ಸೀಳಿತ್ತು. ಮತ್ತೆ 'ಟಿ' ಗುರುತು, ಮತ್ತೆ ಆಕ್ಸಾ ಬ್ಲೇಡ್ ಕೀಲಿ. ಹಳೆ ಕಾಗದ ಚೂರೂ ಉಳಿಯದ ಹಾಗೆ ಕೆರೆದು, 15 ರೂಪಾಯಿಯ ಹೊಸ ಪ್ಯಾಕಿಂಗ್ ಹಾಕಿದೆ. ಈ ಸಲ ನಲವತ್ತು ನಿಮಿಷದಲ್ಲಿ ಮುಗಿಯಿತು. ಆಮೇಲೆ 9,000 ಕಿಲೋಮೀಟರ್ ಓಡಿದೆ, ಆ ಜಾಗ ಒಣಗಿದೆ. ಕೀಲಿಯನ್ನು ಸೀಟಿನ ಕೆಳಗಿನ ಟೂಲ್ ಚೀಲದಲ್ಲಿ ಇಟ್ಟಿದ್ದೇನೆ, 22 ಅಂತ ಬರೆದ ಚೀಟಿಯ ಜೊತೆ.