ಕೆಳಗೆ ಸಿಕ್ಕವನನ್ನು ನೋಡಲು ಕಲಿತದ್ದು

ಜಪಾನಿನಲ್ಲಿ ‘ಶೂಟ್ ಸ್ಟೈಲ್’ ಅನ್ನುವ ಒಂದು ಬಗೆಯ ವೃತ್ತಿಪರ ಕುಸ್ತಿ ಇದೆ, ನಿಜವಾದ ಕಾದಾಟದ ಹಾಗೆ ಕಾಣುವಂಥದ್ದು. ಅದರಲ್ಲಿ ವೋಲ್ಕ್ ಹಾನ್ ಮತ್ತು ಕಿಯೊಶಿ ತಮೂರಾ ಎದುರಾದ ಪಂದ್ಯವನ್ನು ಮೊದಲ ಸಲ ನೋಡಲು ಕೂತಾಗ ಅರ್ಧಕ್ಕೇ ನಿಲ್ಲಿಸಿದ್ದೆ. ಇಬ್ಬರು ನೆಲದ ಮೇಲೆ ಕೈಕಾಲು ಹಿಡಿದುಕೊಂಡು ಹೊರಳುತ್ತಿದ್ದರು. ಯಾರ ಕೈ ಮೇಲಾಗಿದೆ, ಜನ ಯಾಕೆ ಇದ್ದಕ್ಕಿದ್ದಂತೆ ಕೂಗುತ್ತಾರೆ, ಒಂದೂ ಗೊತ್ತಾಗಲಿಲ್ಲ. ನಾನು ತೊಂಬತ್ತರ ದಶಕದಲ್ಲಿ ಕೇಬಲ್ ಟಿವಿಯಲ್ಲಿ ಡಬ್ಲ್ಯುಡಬ್ಲ್ಯುಎಫ್ ನೋಡಿ, ಅದರ ಟ್ರಂಪ್ ಕಾರ್ಡ್ ಆಡಿ ಬೆಳೆದವನು. ಅಲ್ಲಿ ಕಥೆಯೆಲ್ಲ ಮುಖದ ಮೇಲೆ, ಮೈಕಿನಲ್ಲಿ ಇರುತ್ತದೆ. ಕೆಟ್ಟವನು ಯಾರು ಅಂತ ಮಕ್ಕಳಿಗೂ ಗೊತ್ತಾಗುತ್ತದೆ. ಇಲ್ಲಿ ಮುಖಗಳೇ ಕಾಣುವುದಿಲ್ಲ. ಒಬ್ಬನ ಬೆನ್ನು, ಇನ್ನೊಬ್ಬನ ಮಂಡಿ, ಅಷ್ಟೇ.

ಈಗ ಅದೇ ಪಂದ್ಯಗಳನ್ನು ನಾನು ಮತ್ತೆ ಮತ್ತೆ ಹಾಕಿಕೊಂಡು ನೋಡುತ್ತೇನೆ. ಆ ನಡುವೆ ಏನೇನಾಯಿತು ಅನ್ನೋದನ್ನು ಹೇಳುತ್ತೇನೆ.

ಮೊದಲು ಈ ಶೈಲಿ ಎಲ್ಲಿಂದ ಬಂತು ಅನ್ನೋದು. ಜಪಾನಿನಲ್ಲಿ 1984ರಲ್ಲಿ ಯುಡಬ್ಲ್ಯುಎಫ್ ಅನ್ನುವ ಕುಸ್ತಿ ಸಂಸ್ಥೆ ಶುರುವಾಯಿತು. ಅಕಿರಾ ಮಾಯೆದಾ, ಯೊಶಿಯಾಕಿ ಫುಜಿವಾರಾ, ನೊಬುಹಿಕೊ ತಕಾದಾ, ಮುಖವಾಡದ ಟೈಗರ್ ಮಾಸ್ಕ್ ಆಗಿ ಹೆಸರು ಮಾಡಿದ್ದ ಸತೊರು ಸಾಯಾಮಾ ಅಲ್ಲಿ ಸೇರಿದರು. ಹಗ್ಗಕ್ಕೆ ಬಡಿದು ಓಡಿ ಬರುವುದು, ಕಂಬದ ಮೇಲಿಂದ ಹಾರುವುದು, ಇದೆಲ್ಲ ಬೇಡ ಅಂದರು. ಒದೆತ, ಎತ್ತಿ ಎಸೆಯುವುದು, ಪಟ್ಟು ಹಾಕಿ ಸೋಲು ಒಪ್ಪಿಸುವುದು, ಇಷ್ಟೇ ಸಾಕು ಅಂದರು. ಮರುವರ್ಷವೇ ಅದು ನಿಂತುಹೋಯಿತು. ಮಾಯೆದಾ ತನ್ನ ಹಳೆಯ ಸಂಸ್ಥೆಯಾದ ನ್ಯೂ ಜಪಾನ್ ಪ್ರೊ ರೆಸ್ಲಿಂಗ್‌ಗೆ ಮರಳಿದ. 1987ರ ನವೆಂಬರ್‌ನಲ್ಲಿ ಟೋಕಿಯೊದ ಕೊರಾಕುಯೆನ್ ಹಾಲ್‌ನಲ್ಲಿ ಅಲ್ಲಿನ ಇನ್ನೊಬ್ಬ ಕುಸ್ತಿಪಟು ರಿಕಿ ಚೋಶುವಿನ ಮುಖಕ್ಕೆ, ನಟಿಸದೆ, ನಿಜವಾಗಿಯೇ ಒದ್ದ. ಕಣ್ಣಿನ ಸುತ್ತಲ ಮೂಳೆ ಮುರಿಯಿತು. ಮಾಯೆದಾನನ್ನು ಹೊರಗೆ ಹಾಕಿದರು. 1988ರ ಮೇ ತಿಂಗಳಲ್ಲಿ ಅವನು ಎರಡನೇ ಯುಡಬ್ಲ್ಯುಎಫ್ ಕಟ್ಟಿದ. ಮರುವರ್ಷ ಅವರು ಟೋಕಿಯೊ ಡೋಮ್ ಅನ್ನುವ ದೊಡ್ಡ ಕ್ರೀಡಾಂಗಣ ತುಂಬಿಸಿದರು. ಅದೂ ಒಡೆದು 1991ರಲ್ಲಿ ಮೂರು ಹೋಳಾಯಿತು. ಮಾಯೆದಾನ ರಿಂಗ್ಸ್, ತಕಾದಾನ ಯುಡಬ್ಲ್ಯುಎಫ್ ಇಂಟರ್‌ನ್ಯಾಷನಲ್, ಫುಜಿವಾರಾನ ಫುಜಿವಾರಾ ಗುಮಿ. ನಾನು ಜಾಸ್ತಿ ನೋಡಿರುವುದು ಈ ಮೊದಲ ಎರಡರ ಪಂದ್ಯಗಳನ್ನು.

ಬಹುಪಾಲು ಪಂದ್ಯಗಳ ಫಲಿತಾಂಶ ಆಡುವವರಿಗೆ ಮೊದಲೇ ಗೊತ್ತಿರುತ್ತಿತ್ತು. ಇದನ್ನು ಮುಚ್ಚಿಡುವುದೇನೂ ಬೇಡ. ಇದನ್ನು ಕೇಳಿದ ಕೂಡಲೇ ನನ್ನ ಗೆಳೆಯರು ‘ಹಾಗಾದ್ರೆ ಏನು ನೋಡೋದು’ ಅನ್ನುತ್ತಾರೆ. ನಾನು ತಾಳಮದ್ದಳೆಯ ಮಾತು ತೆಗೆಯುತ್ತೇನೆ. ವಾಲಿ ಸಾಯುತ್ತಾನೆ ಅಂತ ಗೊತ್ತಿದ್ದೂ ರಾತ್ರಿಯಿಡೀ ಕೂರುತ್ತೇವೆ ಅಲ್ವಾ? ಸಾಯುವ ಮುಂಚೆ ಅವನು ರಾಮನಿಗೆ ಏನು ಕೇಳುತ್ತಾನೆ, ರಾಮ ಹೇಗೆ ತಪ್ಪಿಸಿಕೊಳ್ಳುತ್ತಾನೆ ಅನ್ನೋದು ಆ ರಾತ್ರಿ ಆ ಇಬ್ಬರ ನಡುವೆಯೇ ಹುಟ್ಟಬೇಕು. ಇಲ್ಲೂ ಹಾಗೇ. ಕೊನೆ ಗೊತ್ತು, ನಡುವಿನದ್ದು ಆ ಹೊತ್ತಿಗೆ ಕೈಗೆ ಸಿಕ್ಕಂತೆ.

ನನಗೆ ದಾರಿ ಸಿಕ್ಕಿದ್ದು ಮೈಸೂರಿನ ನನ್ನ ಸೋದರಮಾವನಿಂದ. ಚಿಕ್ಕಂದಿನಲ್ಲಿ ಗರಡಿ ಮನೆಯಲ್ಲಿ ಸಾಮು ಮಾಡಿದವರು, ದಸರೆಯಲ್ಲಿ ಕುಸ್ತಿ ಆಡಿದವರು. ಒಂದು ಹಬ್ಬಕ್ಕೆ ಊರಿಗೆ ಹೋದಾಗ ಸುಮ್ನೆ ಅವರಿಗೆ ಹಾನ್–ತಮೂರಾ ಪಂದ್ಯ ತೋರಿಸಿದೆ. ತಮೂರಾನ ಬೆನ್ನು ನೆಲಕ್ಕೆ ತಾಗಿದ ಕೂಡಲೇ ಮಾವ, ‘ಆಯ್ತಲ್ಲೋ, ಚಿತ್ ಆದ’ ಅಂದರು. ನಮ್ಮ ಕುಸ್ತಿಯಲ್ಲಿ ಬೆನ್ನು ಮಣ್ಣಿಗೆ ತಾಗಿದರೆ ಕಥೆ ಮುಗಿಯಿತು. ಇಲ್ಲಿ ಮುಗಿಯಲಿಲ್ಲ. ಮಾವ ಮುಂದಕ್ಕೆ ಬಾಗಿ ಕೂತರು. ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ ಅಂದರು: ‘ಮೇಲಿರೋನ್ನ ಬಿಡೋ. ಕೆಳಗಿರೋನ ಕೈ ನೋಡು. ಅವನೇ ಆಟ ಆಡಿಸ್ತಿದಾನೆ.’

ನಾನು ಅಲ್ಲಿವರೆಗೂ ಮೇಲೆ ಕೂತವನನ್ನೇ ನೋಡುತ್ತಿದ್ದೆ. ಪಟ್ಟು ಹಾಕುವವನು ಅವನು, ಹಾಗಾಗಿ ಕಥೆ ಅವನದ್ದು ಅಂದುಕೊಂಡಿದ್ದೆ. ಮಾವನ ಮಾತು ಕೇಳಿ ಅದೇ ಪಂದ್ಯವನ್ನು ಆ ರಾತ್ರಿ ಮೊದಲಿಂದ ಹಾಕಿದೆ. ಕೆಳಗಿರುವವನ ಎರಡು ಕೈಯನ್ನು ಮಾತ್ರ ನೋಡಿದೆ. ಅವನು ಯಾವ ಕೈ ಮುಚ್ಚಿಟ್ಟುಕೊಳ್ಳುತ್ತಾನೆ, ಯಾವುದನ್ನು ಮುಂದೆ ಚಾಚಿ ಆಸೆ ತೋರಿಸುತ್ತಾನೆ, ಎದುರಾಳಿಯ ಹಿಮ್ಮಡಿಯ ಹತ್ತಿರ ಅವನ ಬೆರಳು ಯಾವಾಗ ಹರಿದಾಡುತ್ತದೆ. ಅವನಿಗೆ ಏನು ಭಯ, ಏನು ಆಸೆ ಅನ್ನೋದು ಕೈಯಲ್ಲೇ ಬರೆದಿತ್ತು.

ಆದರೂ ಪೂರ್ತಿ ಹತ್ತಲಿಲ್ಲ. ಪಟ್ಟುಗಳೇ ಗೊತ್ತಿಲ್ಲದೆ ಕೈ ನೋಡಿ ಎಷ್ಟು ತಿಳಿದೀತು? ಅದಕ್ಕೆ ಬೆಂಗಳೂರಿನಲ್ಲಿ ಒಂದು ಜಿಯುಜಿತ್ಸು ತರಗತಿಗೆ ಸೇರಿದೆ, ಅಂದರೆ ನೆಲದ ಮೇಲಿನ ಪಟ್ಟುಗಳನ್ನು ಕಲಿಸುವ ಕಡೆಗೆ. ಆರು ತಿಂಗಳು, ವಾರಕ್ಕೆ ಎರಡು ದಿನ. ಪೈಲ್ವಾನ್ ಆಗುವ ಆಸೆಯಿಂದಲ್ಲ. ಒಂದೊಂದು ಪಟ್ಟು ನನ್ನ ಮೈಮೇಲೆ ಹೇಗಿರುತ್ತದೆ ಅಂತ ತಿಳಿಯಬೇಕಿತ್ತು.

ಆರ್ಮ್‌ಬಾರ್ ಅಂದರೆ ಎದುರಾಳಿಯ ತೋಳನ್ನು ತನ್ನ ತೊಡೆಗಳ ನಡುವೆ ಸಿಕ್ಕಿಸಿ ಮೊಣಕೈಯನ್ನು ಉಲ್ಟಾ ಬಗ್ಗಿಸುವುದು. ಅದಕ್ಕೆ ಸಿಕ್ಕವನು ಮೊದಲು ಮಾಡುವುದು ತನ್ನ ಎರಡೂ ಕೈಯನ್ನು ಬಿಗಿಯಾಗಿ ಹೆಣೆದುಕೊಳ್ಳುವುದು. ನಾನೂ ಹೆಣೆದೆ. ಮೇಲಿನವನು ಎಳೆಯಲಿಲ್ಲ, ಸುಮ್ನೆ ತನ್ನ ಭಾರ ಹಿಂದಕ್ಕೆ ಬಿಟ್ಟ. ಬೆವರಿಗೆ ಹಿಡಿತ ಜಾರತೊಡಗಿತು. ಮೊದಲು ಅಂಗೈ, ಆಮೇಲೆ ಬೆರಳು, ಕೊನೆಗೆ ಬೆರಳ ತುದಿ. ಕೈ ಬಿಟ್ಟುಹೋಗುವ ಮುಂಚಿನ ಆ ಎರಡು ಸೆಕೆಂಡು ಇದೆಯಲ್ಲ, ಆಗ ತಲೆಯಲ್ಲಿ ಬೇರೇನೂ ಇರುವುದಿಲ್ಲ. ನೋವು ಇನ್ನೂ ಬಂದಿರುವುದಿಲ್ಲ, ಬರುತ್ತಿದೆ ಅನ್ನೋದು ಮಾತ್ರ ಗೊತ್ತಿರುತ್ತದೆ. ಅವತ್ತು ಮನೆಗೆ ಬಂದು ರಿಂಗ್ಸ್ ಪಂದ್ಯ ಹಾಕಿದೆ. ಸಭಾಂಗಣದ ಜನ ಕೂಗುವುದು ಸರಿಯಾಗಿ ಆ ಎರಡು ಸೆಕೆಂಡಿಗೆ. ತೋಳು ನೇರವಾದ ಮೇಲಲ್ಲ, ಬೆರಳು ಜಾರುವಾಗ. ಆ ಜನಕ್ಕೆ ಎಷ್ಟು ತಿಳಿದಿತ್ತು ಅನ್ನೋದು ನನಗೆ ಅವತ್ತು ಅರ್ಥವಾಯಿತು.

ಹೀಲ್ ಹುಕ್ ಕೂಡ ಹಾಗೇ. ತಿರುಚುವುದು ಹಿಮ್ಮಡಿಯನ್ನು, ಹಾಳಾಗುವುದು ಮಂಡಿ. ಜಾಸ್ತಿ ನೋವು ಕೊಡದೆಯೇ ಮಂಡಿ ಕಿತ್ತುಬಿಡಬಹುದು, ಅದಕ್ಕೇ ಅದಕ್ಕೆ ಸಿಕ್ಕವರು ಗಾಬರಿಯಾಗಿ ಹಗ್ಗದ ಕಡೆ ತೆವಳುತ್ತಾರೆ. ಹೊಸಬರು ಇಷ್ಟು ಕಲಿತರೆ ಸಾಕು: ಆರ್ಮ್‌ಬಾರ್, ಹೀಲ್ ಹುಕ್, ಮಂಡಿಯನ್ನು ಉಲ್ಟಾ ಬಗ್ಗಿಸುವ ನೀಬಾರ್, ಹಿಂದಿನಿಂದ ಕತ್ತು ಬಿಗಿಯುವುದು, ಮತ್ತೆ ಎದುರಾಳಿಯ ತೋಳನ್ನು ಕಂಕುಳಲ್ಲಿ ಒತ್ತಿ ನೆಲಕ್ಕೆ ಕೆಡವುವ ಪಟ್ಟು. ಈ ಕೊನೆಯದಕ್ಕೆ ಜಪಾನಿನಲ್ಲಿ ವಾಕಿ ಗತಾಮೆ ಅನ್ನುತ್ತಾರೆ. ಹೊರಗಿನವರು ಫುಜಿವಾರಾ ಆರ್ಮ್‌ಬಾರ್ ಅಂತಲೇ ಕರೆಯುತ್ತಾರೆ.

ಇನ್ನು ಹಗ್ಗ. ಕಥೆ ಓದಲು ನನಗೆ ತುಂಬಾ ನೆರವಾದದ್ದು ಹಗ್ಗದ ಲೆಕ್ಕ. ಪಟ್ಟಿಗೆ ಸಿಕ್ಕವನು ಹಗ್ಗ ಮುಟ್ಟಿದರೆ ಎದುರಾಳಿ ಬಿಡಬೇಕು. ಆದರೆ ಅದು ಬಿಟ್ಟಿ ಅಲ್ಲ. ಯುಡಬ್ಲ್ಯುಎಫ್ ಇಂಟರ್‌ನ್ಯಾಷನಲ್‌ನಲ್ಲಿ ಒಬ್ಬೊಬ್ಬರಿಗೆ 15 ಅಂಕ ಕೊಟ್ಟು ಶುರು ಮಾಡುತ್ತಿದ್ದರು. ಹಗ್ಗ ಮುಟ್ಟಿದರೆ 1 ಹೋಯಿತು. ಏಟಿಗೆ ಕುಸಿದು ಬಿದ್ದರೆ 3. ಸೊನ್ನೆಗೆ ಬಂದರೆ ಸೋಲು. ರಿಂಗ್ಸ್‌ನ ನಿಯಮ ಬೇರೆ, ಆದರೆ ಅಲ್ಲೂ ಹಗ್ಗ ಹಿಡಿದದ್ದಕ್ಕೆ ಲೆಕ್ಕ ಇತ್ತು.

ನಾನು ಒಂದು ನೋಟ್‌ಬುಕ್ ಇಟ್ಟೆ. ಪುಟದ ಎಡಕ್ಕೆ ಒಬ್ಬ, ಬಲಕ್ಕೆ ಇನ್ನೊಬ್ಬ. ಹಗ್ಗ ಮುಟ್ಟಿದಾಗೆಲ್ಲ ಒಂದು ಗೆರೆ, ಪಕ್ಕದಲ್ಲಿ ಯಾವ ಪಟ್ಟಿಗೆ ಅನ್ನೋದು. ಕೆಲವು ಪಂದ್ಯ ಬರೆದ ಮೇಲೆ ಹಗ್ಗ ಅನ್ನೋದು ಕೈಯಲ್ಲಿರುವ ದುಡ್ಡಿನ ಹಾಗೆ ಕಾಣತೊಡಗಿತು. ಶುರುವಿನಲ್ಲಿ ಧಾರಾಳವಾಗಿ ಖರ್ಚು ಮಾಡುತ್ತಾರೆ. ಸ್ವಲ್ಪ ನೋವಾದರೂ ಹಗ್ಗ. ಕೊನೆಯಲ್ಲಿ ಅಂಕ ಎರಡೋ ಮೂರೋ ಉಳಿದಾಗ ಅದೇ ಮನುಷ್ಯ ಹಗ್ಗ ಒಂದು ಮೊಳ ದೂರದಲ್ಲಿದ್ದರೂ ಮುಟ್ಟುವುದಿಲ್ಲ. ಹಲ್ಲು ಕಚ್ಚಿ ಒಳಗೇ ಹೊರಳಿ ತಪ್ಪಿಸಿಕೊಳ್ಳಲು ನೋಡುತ್ತಾನೆ. ಮಾತಿಲ್ಲ, ಮೈಕಿಲ್ಲ, ಆದರೂ ಅವನ ಪರಿಸ್ಥಿತಿ ಪೂರ್ತಿ ನಿಮ್ಮ ಮುಂದಿದೆ. ಇದಕ್ಕಿಂತ ಚೆನ್ನಾಗಿ ಕಥೆ ಹೇಳುವ ಕುಸ್ತಿ ನಾನು ನೋಡಿಲ್ಲ.

ನೋಟ್‌ಬುಕ್‌ನಿಂದ ಇನ್ನೊಂದು ಲಾಭವೂ ಆಯಿತು. ನಾಲ್ಕನೇ ನಿಮಿಷದಲ್ಲಿ ಬಲ ಮಂಡಿಗೆ ಪಟ್ಟು ಬಿದ್ದಿತ್ತು ಅಂತ ಬರೆದಿದ್ದರೆ, ಹನ್ನೊಂದನೇ ನಿಮಿಷದಲ್ಲಿ ಅವನು ಎಡಗಾಲಿನಿಂದ ಮಾತ್ರ ಒದೆಯುತ್ತಿದ್ದಾನೆ ಅನ್ನೋದು ಕಣ್ಣಿಗೆ ಬೀಳುತ್ತದೆ. ಈ ಶೈಲಿಯಲ್ಲಿ ಯಾರೂ ಕುಂಟಿ ತೋರಿಸುವುದಿಲ್ಲ, ಕಾಲು ಹಿಡಿದು ಅಳುವುದಿಲ್ಲ. ನಿಲ್ಲುವ ರೀತಿ ಬದಲಾಗುತ್ತದೆ, ಅಷ್ಟೇ. ನೋಡದಿದ್ದರೆ ನಿಮಗೇ ನಷ್ಟ.

ಇಷ್ಟಾದ ಮೇಲೆ ಹಾನ್ ಬೇರೆಯೇ ಮನುಷ್ಯನಾಗಿ ಕಂಡ. ಅವನು ರಷ್ಯಾದ ದಾಗೆಸ್ತಾನದವನು, ಅಲ್ಲಿನ ಸಾಂಬೋ ಅನ್ನುವ ಕುಸ್ತಿ ಕಲಿತವನು. 1991ರ ಡಿಸೆಂಬರ್‌ನಲ್ಲಿ ಮಾಯೆದಾನ ಎದುರೇ ರಿಂಗ್ಸ್‌ಗೆ ಕಾಲಿಟ್ಟ. ಬೇರೆಯವರು ನೆಲಕ್ಕೆ ಹೋಗಿ ಪಟ್ಟು ಹುಡುಕುತ್ತಾರೆ. ಹಾನ್ ನಿಂತಲ್ಲೇ ಎದುರಾಳಿಯ ಮಣಿಕಟ್ಟು ಹಿಡಿದು, ತಾನು ತಿರುಗಿ, ಅವನು ಬೀಳುವಾಗಲೇ ತೋಳನ್ನು ಬೀಗ ಹಾಕಿಬಿಡುತ್ತಾನೆ. ತಮೂರಾ ಅವನಿಗಿಂತ ಎಂಟು ವರ್ಷ ಚಿಕ್ಕವನು. ಯುಡಬ್ಲ್ಯುಎಫ್ ಇಂಟರ್‌ನ್ಯಾಷನಲ್ ಬಿಟ್ಟು 1996ರಲ್ಲಿ ರಿಂಗ್ಸ್‌ಗೆ ಬಂದ. ಅವನ ಬಲ ಅಂದರೆ ವೇಗ. ಪಟ್ಟು ಬೀಳುವ ಮುಂಚೆಯೇ ಅಲ್ಲಿಂದ ಜಾಗ ಖಾಲಿ ಮಾಡಿರುತ್ತಾನೆ. 1996 ಮತ್ತು 1997ರಲ್ಲಿ ಇಬ್ಬರೂ ಮೂರು ಸಲ ಎದುರಾದರು. ಮೂರನ್ನೂ ಅದೇ ಕ್ರಮದಲ್ಲಿ ನೋಡಿ. ಬಲೆ ಹಾಕಿ ಕಾಯುವವನೊಬ್ಬ, ಬಲೆಯ ಕಣ್ಣಿನಿಂದ ನುಸುಳುವವನೊಬ್ಬ. ನುಸುಳುವವನು ಮುಂದಿನ ಸಲಕ್ಕೆ ಬಲೆಯ ಗಂಟು ಎಲ್ಲಿದೆ ಅಂತ ನೆನಪಿಟ್ಟುಕೊಂಡು ಬಂದಿರುತ್ತಾನೆ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ತಮೂರಾ ಮತ್ತು ತ್ಸುಯೊಶಿ ಕೊಸಾಕಾ 1998ರ ಜೂನ್ 27ರಂದು ಆಡಿದ ಪಂದ್ಯ. 30 ನಿಮಿಷ, ಕೊನೆಗೆ ಸಮ. ಕೊಸಾಕಾ ಜೂಡೊದಿಂದ ಬಂದವನು. ಅವನ ಹೆಸರಲ್ಲೇ ಒಂದು ತಂತ್ರ ಇದೆ, ಟಿಕೆ ಸಿಸರ್ಸ್. ಕೆಳಗೆ ಸಿಕ್ಕಾಗ ಕಾಲುಗಳನ್ನು ಮೇಲಿನವನ ಮೈಗೆ ಕತ್ತರಿಯ ಹಾಗೆ ಅಡ್ಡ ಹಾಕಿ, ಅವನನ್ನು ಉರುಳಿಸಿ, ಹಾಗೇ ಅವನ ಕಾಲಿಗೆ ಪಟ್ಟು ಹುಡುಕುವುದು. ಅಂದರೆ ಕೊಸಾಕಾ ಕೆಳಗಿದ್ದಾಗಲೇ ಹೆಚ್ಚು ಅಪಾಯಕಾರಿ. ಮಾವ ಹೇಳಿದ್ದು ನೆನಪಿಗೆ ಬಂತು. ಈ ಪಂದ್ಯದಲ್ಲಿ ಯಾರ ಕೈ ಮೇಲು ಅಂತ ಕೇಳುವುದೇ ತಪ್ಪು. ಒಬ್ಬ ಮೇಲೆ ಬಂದ ಕೂಡಲೇ ಕೆಳಗಿನವನು ಇನ್ನೊಂದು ಬಾಗಿಲು ತೆರೆದಿರುತ್ತಾನೆ. ಮೊದಲ ಸಲ ನೋಡುವಾಗ ಧ್ವನಿ ಆರಿಸಿಬಿಟ್ಟೆ. ಎರಡನೇ ಸಲ ತಮೂರಾನನ್ನು ಮಾತ್ರ ನೋಡಿದೆ, ಮೂರನೇ ಸಲ ಕೊಸಾಕಾನನ್ನು ಮಾತ್ರ. ನಾಲ್ಕನೇ ಸಲ ಧ್ವನಿ ಹಾಕಿಕೊಂಡು, ನೋಟ್‌ಬುಕ್ ಪಕ್ಕಕ್ಕಿಟ್ಟು, ಕಾಫಿ ಹಿಡಿದು ಕೂತೆ. ಕಾಫಿ ಆರಿಹೋಯಿತು.

ಆದರೆ ಇದರಿಂದ ಶುರು ಮಾಡಬೇಡಿ. ಮೊದಲಿಗೆ ತಕಾದಾ ಮತ್ತು ವೇಡರ್ ಪಂದ್ಯ ನೋಡಿ, 1993ರ ಡಿಸೆಂಬರ್ 5, ಟೋಕಿಯೊದ ಜಿಂಗು ಕ್ರೀಡಾಂಗಣ. ವೇಡರ್ ಬೆಟ್ಟದಂಥ ಮನುಷ್ಯ. ಅವನನ್ನು ನೆಲಕ್ಕೆ ಹಾಕುವುದು ಹೇಗೆ ಅನ್ನೋದೇ ಪ್ರಶ್ನೆ, ಅದಕ್ಕೆ ಪಟ್ಟುಗಳ ಪರಿಚಯ ಬೇಕಿಲ್ಲ. ಆಮೇಲೆ ಹಾನ್‌ಗೆ ಬನ್ನಿ. ಕೊಸಾಕಾ ಪಂದ್ಯ ಕೊನೆಗಿರಲಿ.

ಮಾವನಿಗೆ ಇದರಲ್ಲಿ ನಂಟು ಕಂಡದ್ದು ಬೇರೆ ಕಾರಣಕ್ಕೆ. ಫುಜಿವಾರಾ, ಮಾಯೆದಾ, ತಕಾದಾ ಎಲ್ಲರಿಗೂ ಪಟ್ಟು ಕಲಿಸಿದವರು ಕಾರ್ಲ್ ಗಾಚ್. ಬೆಲ್ಜಿಯಂನವರು, 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಆಡಿದವರು. ಇಂಗ್ಲೆಂಡಿನ ವಿಗನ್ ಊರಿನಲ್ಲಿ ಬಿಲ್ಲಿ ರೈಲಿಯವರ ಗರಡಿಯಲ್ಲಿ ಪಳಗಿದವರು. ಜಪಾನಿನಲ್ಲಿ ಅವರನ್ನು ಕುಸ್ತಿಯ ದೇವರು ಅಂತಲೇ ಕರೆಯುತ್ತಿದ್ದರು. ಅವರು ಶಿಷ್ಯರಿಂದ ದಿನಾ ಮಾಡಿಸುತ್ತಿದ್ದದ್ದು ದಂಡ ಮತ್ತು ಬಸ್ಕಿ, ನಮ್ಮ ಪೈಲ್ವಾನರದ್ದೇ. ನೂರಾರು ಬಸ್ಕಿ ಹೊಡೆದೇ ಜಪಾನಿನ ಹುಡುಗರು ರಿಂಗಿಗೆ ಇಳಿಯುತ್ತಿದ್ದರು. ಇದನ್ನು ಹೇಳಿದಾಗ ಮಾವ ತಮ್ಮ ಮಂಡಿ ಸವರಿಕೊಂಡು, ‘ಅದಕ್ಕೇ ಕಣೋ ಆ ತೊಡೆ’ ಅಂದರು.

ಈಗ ಹಿಂದಕ್ಕೆ ಹೋಗಿ 1984ರ ಫುಜಿವಾರಾ ಮತ್ತು ಸಾಯಾಮಾ ಪಂದ್ಯಗಳನ್ನು ನೋಡುತ್ತಿದ್ದೇನೆ. ಅಲ್ಲಿ ನೆಲದ ಆಟ ಇನ್ನೂ ನಿಧಾನ. ಸಾಯಾಮಾ ಒದೆಯುತ್ತಾ ಇರುತ್ತಾನೆ. ಫುಜಿವಾರಾ ಒದೆ ತಿನ್ನುತ್ತಾ, ಒಂದು ತೋಳು ಸಿಗಲಿ ಅಂತ ಕಾಯುತ್ತಾನೆ. ನಡುವೆ ಒಮ್ಮೊಮ್ಮೆ ನಗುತ್ತಾನೆ. ಮಾವ ಈಗ ಫೋನ್ ಮಾಡಿದರೆ ಮೊದಲು ಕೇಳುವುದು ಅವನನ್ನೇ. ‘ಮುಂದಿನ ಸಲ ಬರ್ತಾ, ಆ ನಗ್ತಾನಲ್ಲ, ಅವನದ್ದು ಇನ್ನೊಂದೆರಡು ತಗೊಂಡು ಬಾ.’